ಸದ್ದು ಬೇರೆ, ಶತ್ರು ಬೇರೆ

ಭಾನುವಾರ ಬೆಳಗ್ಗೆ ತಿಂಡಿ ಹೊತ್ತಲ್ಲಿ ಲಾಗಿನ್ ಆಗಿದ್ದೀರಿ, ಅದೂ ಎರರ್ ಕರೆಕ್ಟಿಂಗ್ ಕೋಡ್ ಬಗ್ಗೆ ಕೇಳೋದಕ್ಕೆ. ನಿಮ್ಮ ತಾಳ್ಮೆಗೆ ಮೊದಲೇ ಥ್ಯಾಂಕ್ಸ್ ಹೇಳಿಬಿಡ್ತೀನಿ.

ಇವತ್ತಿನ ವಿಷಯ ಒಂದು ಸಣ್ಣ ಪ್ರಶ್ನೆ. ನಾವು ಕಳಿಸಿದ ಸಂದೇಶ ದಾರಿಯಲ್ಲಿ ಕೆಡುತ್ತೆ. ತಾನಾಗೇ ಕೆಟ್ಟರೆ ಒಂದು ಲೆಕ್ಕ, ಯಾರೋ ಕೂತು ಕೆಡಿಸಿದರೆ ಇನ್ನೊಂದು ಲೆಕ್ಕ. ಈ ವ್ಯತ್ಯಾಸ ನನಗೆ ಎಂಟೆಕ್‌ನಲ್ಲಿ ಪರೀಕ್ಷೆಗೆ ಓದುವಾಗ ಚೆನ್ನಾಗಿ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಮರೆತುಹೋಯ್ತು. ನಾನು ಮರೆತದ್ದಕ್ಕೆ ಬೆಲೆ ಕೊಟ್ಟವರು ಬೇರೆಯವರು. ಅಲ್ಲಿಂದಲೇ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಮ್ಮ ಟೀಮ್ ಕಂಟೇನರ್ ಲಾರಿಗಳಿಗೆ ಎಲೆಕ್ಟ್ರಾನಿಕ್ ಲಾಕ್ ಮಾಡ್ತಿತ್ತು. ಲಾಕ್ 30 ಸೆಕೆಂಡಿಗೊಮ್ಮೆ ತನ್ನ ಸ್ಥಿತಿಯನ್ನು ರೇಡಿಯೋದಲ್ಲಿ ಹೇಳುತ್ತೆ: ಮುಚ್ಚಿದೀನಿ, ಮುಚ್ಚಿದೀನಿ, ಮುಚ್ಚಿದೀನಿ. ಯಾರ್ಡ್‌ನಲ್ಲಿರೋ ಗೇಟ್‌ವೇ ಅದನ್ನ ಕೇಳಿಸಿಕೊಂಡು ಸರ್ವರ್‌ಗೆ ದಾಟಿಸುತ್ತೆ. 865ರಿಂದ 867 ಮೆಗಾಹರ್ಟ್ಸ್, ಆಗ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಪಟ್ಟಿ. ಗೇಟ್‌ವೇ ಸಾಫ್ಟ್‌ವೇರ್ ಮತ್ತು ಡ್ಯಾಶ್‌ಬೋರ್ಡ್‌ನ ತರ್ಕ ನನ್ನದು.

ಒಂದು ರಾತ್ರಿ 2 ಗಂಟೆ 10 ನಿಮಿಷದಿಂದ 2 ಗಂಟೆ 50 ನಿಮಿಷದವರೆಗೆ ಒಂದು ಲಾರಿಯ ಲಾಕ್ ಮೌನ. ಬೆಳಗ್ಗೆ ನೋಡಿದರೆ ಅರ್ಧ ಮಾಲು ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಅಕ್ಷರದಲ್ಲಿ ‘ಡಿವೈಸ್ ಆಫ್’ ಅಂತ ಬಂದಿತ್ತು. ಆಫ್ ಮಾಡೋ ಸ್ವಿಚ್ ಇರೋದು ಕ್ಯಾಬಿನ್‌ನಲ್ಲಿ. ಕ್ಯಾಬಿನ್‌ನಲ್ಲಿ ಮಲಗಿದ್ದವರು ಡ್ರೈವರ್. ಲೆಕ್ಕ ಸರಿಹೋಯ್ತಲ್ಲ? ಎಲ್ಲರೂ ಹಾಗೇ ಅಂದುಕೊಂಡರು. ಅವರನ್ನು ಟ್ರಿಪ್‌ನಿಂದ ತೆಗೆದರು, ಸಂಬಳ ತಡೆಹಿಡಿದರು, ಪೊಲೀಸರು ಎರಡು ಸಲ ಕರೆಸಿ ಕೂರಿಸಿದರು. ನನ್ನ ಹತ್ತಿರ ತಾಂತ್ರಿಕ ವರದಿ ಕೇಳಿದರು. ನಾನು ಎರಡು ಸಾಲು ಬರೆದು ಕಳಿಸಿದೆ: ಆ 40 ನಿಮಿಷ ಸಾಧನವನ್ನು ಬಂದ್ ಮಾಡಲಾಗಿತ್ತು. ಐದು ನಿಮಿಷದ ಕೆಲಸ.

ಒಂದು ವಾರ ಆದ ಮೇಲೆ ಫೋನ್ ಬಂತು. ಲಾಕ್ ಫಿಟ್ ಮಾಡೋ ಹುಡುಗ ನನ್ನ ನಂಬರ್ ಕೊಟ್ಟಿದ್ದ. ಮೊದಲು ಹಿಂದಿಯಲ್ಲಿ ಮಾತಾಡಿದರು. ನಡುವೆ ಪಕ್ಕದವರಿಗೆ ಏನೋ ಹೇಳಿದ್ದು ಕೇಳಿ, ‘ಕನ್ನಡದವರಾ?’ ಅಂದೆ. ವಿಜಯಪುರ ಜಿಲ್ಲೆ, ಇಂಡಿ ಕಡೆಯವರು. ಆಮೇಲೆ ಅವರು ಹೇಳಿದ್ದು ಇಷ್ಟೇ: ‘ಸಾಹೇಬ್ರ, ನಾ ಏನೂ ಬಂದ್ ಮಾಡಿಲ್ರಿ. ಆ ಡಬ್ಬಿಗೆ ಕೈ ಸೈತ ಹಚ್ಚಿಲ್ಲ. ನೀವು ಬರದು ಕೊಟ್ಟೀರಂತ, ಖರೇನ ಹಂಗ ತೋರಸ್ತದೇನ್ರಿ ಅದು?’

‘ತೋರಸ್ತದೇನ್ರಿ ಅದು’ ಅನ್ನೋ ಮಾತು ನನ್ನನ್ನ ಬಿಡಲಿಲ್ಲ. ಯಾಕಂದ್ರೆ ಅದು ಹಾಗೆ ತೋರಿಸಿರಲಿಲ್ಲ. ಅದು ತೋರಿಸಿದ್ದು ಮೌನ ಮಾತ್ರ. ಮೌನ ಅಂದ್ರೆ ‘ಆಫ್’ ಅಂತ ಅರ್ಥ ಹಚ್ಚಿದ್ದು ನನ್ನ ಕೋಡ್‌ನ ಒಂದು ಇಫ್ ಸಾಲು.

ಆ ಸಾಲು ಯಾಕೆ ಬರೆದಿದ್ದೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ.

1940ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರಿಚರ್ಡ್ ಹ್ಯಾಮಿಂಗ್ ಅನ್ನೋ ಗಣಿತಜ್ಞ ರಿಲೇ ಕಂಪ್ಯೂಟರ್‌ನಲ್ಲಿ ವಾರಾಂತ್ಯಕ್ಕೆ ಲೆಕ್ಕ ಹಾಕಿಟ್ಟು ಮನೆಗೆ ಹೋಗ್ತಿದ್ದರು. ಯಂತ್ರಕ್ಕೆ ತಪ್ಪು ಗೊತ್ತಾಗ್ತಿತ್ತು. ಗೊತ್ತಾದ ಕೂಡಲೇ ಆ ಕೆಲಸ ಕೈಬಿಟ್ಟು ಮುಂದಿನದಕ್ಕೆ ಹೋಗ್ತಿತ್ತು. ಸೋಮವಾರ ಬಂದು ನೋಡಿದರೆ ಏನೂ ಆಗಿರುತ್ತಿರಲಿಲ್ಲ. ತಪ್ಪು ಆಗಿದೆ ಅಂತ ಗೊತ್ತಾಗೋ ಯಂತ್ರಕ್ಕೆ, ಎಲ್ಲಿ ಆಗಿದೆ ಅಂತ ಯಾಕೆ ಗೊತ್ತಾಗಬಾರದು? ಈ ಸಿಟ್ಟಿನಿಂದ ಹುಟ್ಟಿದ್ದೇ 1950ರ ಹ್ಯಾಮಿಂಗ್ ಕೋಡ್. 4 ಬಿಟ್ ಮಾಹಿತಿಗೆ 3 ಬಿಟ್ ಕಾವಲು. ಒಟ್ಟು 7. ಹೀಗೆ 16 ಕೋಡ್‌ವರ್ಡ್ ಆಗುತ್ತೆ, ಯಾವ ಎರಡನ್ನು ತೆಗೆದುಕೊಂಡರೂ ಕನಿಷ್ಠ 3 ಜಾಗದಲ್ಲಿ ಬೇರೆ ಇರುತ್ತೆ. ಒಂದು ಬಿಟ್ ಕೆಟ್ಟರೂ ಬಂದದ್ದು ತನ್ನ ಮೂಲಕ್ಕೇ ಹತ್ತಿರ ಇರುತ್ತೆ, ಆದ್ದರಿಂದ ಸರಿಪಡಿಸಬಹುದು. ಎರಡು ಕೆಟ್ಟರೆ ಪಕ್ಕದ ಮನೆಗೆ ಹೋಗಿಬಿಡುತ್ತೆ. ಡಿಕೋಡರ್ ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತೆ.

ಅದಕ್ಕೆ ಎರಡು ವರ್ಷ ಮೊದಲು, 1948ರಲ್ಲಿ, ಅದೇ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಇನ್ನೂ ದೊಡ್ಡ ಮಾತು ಹೇಳಿದ್ದರು. ಪ್ರತಿ ಬಿಟ್ಟೂ ಶೇಕಡಾ 10ರ ಸಂಭವದಲ್ಲಿ ತಿರುಗಿಬೀಳೋ ಚಾನೆಲ್ ಇದೆ ಅಂದುಕೊಳ್ಳಿ. ಆಗಲೂ 1000 ಬಿಟ್ ಕಳಿಸಿದರೆ ಸುಮಾರು 530 ಬಿಟ್‌ನಷ್ಟು ಮಾಹಿತಿಯನ್ನು ಬಹುತೇಕ ತಪ್ಪಿಲ್ಲದೆ ದಾಟಿಸಬಹುದು. ಶೇಕಡಾ 25 ತಿರುಗಿಬಿದ್ದರೂ ಸುಮಾರು 188 ಬಿಟ್ ದಾಟುತ್ತೆ. ಪೂರ್ತಿ ಅರ್ಧ ಆದರೆ ಮಾತ್ರ ಸೊನ್ನೆ, ಯಾಕಂದ್ರೆ ಆಗ ಕೇಳಿಸಿಕೊಳ್ಳೋದೂ ಒಂದೇ, ನಾಣ್ಯ ಚಿಮ್ಮೋದೂ ಒಂದೇ.

ಇಲ್ಲೊಂದು ಷರತ್ತಿದೆ, ದಯವಿಟ್ಟು ಗಮನಿಸಿ. ಈ ಲೆಕ್ಕದಲ್ಲಿ ನಾಯ್ಸ್‌ಗೆ ಕಣ್ಣಿಲ್ಲ. ಮಳೆ ಇದ್ದ ಹಾಗೆ. ಛತ್ರಿ ಹಿಡಿದರೆ ಮಳೆ ಛತ್ರಿಯ ತೂತು ಹುಡುಕಿಕೊಂಡು ಬರಲ್ಲ.

ನಾನು ಮಾಡಿದ ಟೆಸ್ಟ್ ಪೂರ್ತಿ ಮಳೆಯದ್ದು. ಶೇಕಡಾ 5ರಷ್ಟು ಬಿಟ್‌ಗಳನ್ನು ರ‍್ಯಾಂಡಮ್ ಆಗಿ ಕೆಡಿಸಿ ನೋಡಿದ್ದೆ. ಅಪರೂಪಕ್ಕೆ ಒಂದು ಪ್ಯಾಕೆಟ್ ಹೋಗ್ತಿತ್ತು. ಸತತವಾಗಿ 10 ಹೋಗೋದು ಒಂದು ಸಲವೂ ಆಗಲಿಲ್ಲ. ಹಾಗಾಗಿ ಬರೆದೆ: 10 ಸಂದೇಶ ಸತತವಾಗಿ ಬರದಿದ್ದರೆ ಸಾಧನ ಆಫ್ ಆಗಿದೆ. ಮಳೆಯ ಪ್ರಪಂಚದಲ್ಲಿ ಆ ತೀರ್ಮಾನ ಸರಿ. ಯಾರ್ಡ್‌ನಲ್ಲಿ ಆ ರಾತ್ರಿ ಇದ್ದದ್ದು ಮಳೆ ಅಲ್ಲ.

ಫೋನ್ ಬಂದ ಮೇಲೆ ಗೇಟ್‌ವೇಯ ಕಚ್ಚಾ ಲಾಗ್ ತೆಗೆದೆ. ಸಿಆರ್‌ಸಿ ತಪ್ಪಿದ ಪ್ಯಾಕೆಟ್‌ಗಳನ್ನು ನಮ್ಮ ಸಾಫ್ಟ್‌ವೇರ್ ಎಸೆದು, ಯಾರೂ ತೆರೆಯದ ಒಂದು ಡೀಬಗ್ ಫೈಲ್‌ನಲ್ಲಿ ಬರೆದಿಡ್ತಿತ್ತು. ಅದರಲ್ಲಿ ಆ 40 ನಿಮಿಷ ತುಂಬಿ ತುಳುಕ್ತಾ ಇತ್ತು. ರಿಸೀವರ್‌ಗೆ ಬರೋ ಸಿಗ್ನಲ್ ಬಲ ಮಾಮೂಲಿಗಿಂತ ಜಾಸ್ತಿ. ಪ್ರತಿ 30 ಸೆಕೆಂಡಿಗೆ ಒಂದು ಪ್ಯಾಕೆಟ್‌ನ ತಲೆಭಾಗ ಸರಿಯಾಗಿ ಬಂದಿದೆ, ಆಮೇಲೆ ಹೊಟ್ಟೆಭಾಗ ಚಿಂದಿ. ಅಂದ್ರೆ ಯಾರೋ ಕೇಳಿಸಿಕೊಳ್ತಾ ಕೂತಿದ್ದಾರೆ. ನಮ್ಮ ಲಾಕ್ ಬಾಯಿ ತೆರೆದ ಕೂಡಲೇ ಜೋರಾಗಿ ಕಿರುಚ್ತಾ ಇದ್ದಾರೆ. ಇನ್ನೂ ಸ್ಪಷ್ಟವಾದ ಸಾಕ್ಷಿ ಒಂದಿತ್ತು. ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಇರುತ್ತೆ. ಮೌನಕ್ಕೆ ಮುಂಚಿನ ಕೊನೆಯ ಒಳ್ಳೆ ಪ್ಯಾಕೆಟ್ 4117. ಮೌನ ಮುಗಿದ ಮೇಲಿನ ಮೊದಲನೆಯದು 4198. ನಡುವೆ 80 ಪ್ಯಾಕೆಟ್. 40 ನಿಮಿಷ, ನಿಮಿಷಕ್ಕೆ ಎರಡು. ಸಾಧನ ಆಫ್ ಆಗಿದ್ದರೆ ಕೌಂಟರ್ ಸೊನ್ನೆಯಿಂದ ಶುರುವಾಗಬೇಕಿತ್ತು. ಅದು ಒಂದು ಕ್ಷಣವೂ ಆಫ್ ಆಗಿರಲಿಲ್ಲ. ಲಾಕ್ ಒಡೆದಾಗ ಕೂಗಿದ ಎಚ್ಚರಿಕೆಯೂ ಆ 80ರಲ್ಲೇ ಸತ್ತಿತ್ತು.

ಈಗ ಗಣಿತಕ್ಕೆ ಬರೋಣ. ಕಣ್ಣಿರೋ ಶತ್ರುವಿನ ಎದುರು ಎಷ್ಟು ದಾಟಿಸಬಹುದು?

ಶತ್ರುವಿಗೆ ಒಂದು ಬಜೆಟ್ ಕೊಡೋಣ: 1000 ಬಿಟ್‌ನಲ್ಲಿ ಇಷ್ಟನ್ನು ತಿರುಗಿಸಬಹುದು, ಎಲ್ಲಿ ಬೇಕಾದರೂ. ಅವನಿಗೆ ನಮ್ಮ ಕೋಡ್ ಗೊತ್ತು, ಕಳಿಸಿದ ಸಂದೇಶವೂ ಪೂರ್ತಿ ಗೊತ್ತು. ಒಂದೊಂದು ಜಾಗದಲ್ಲೂ ಇರೋದು 0 ಅಥವಾ 1, ಎರಡೇ ಆಯ್ಕೆ. ಆದ್ದರಿಂದ ಕೋಡ್‌ವರ್ಡ್‌ಗಳ ಸಂಖ್ಯೆ ಹೆಚ್ಚಾದ ಹಾಗೆ ಎಲ್ಲ ಜೋಡಿಗಳನ್ನೂ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಬೇರೆಯಾಗಿ ಇಡೋದಕ್ಕೆ ಆಗಲ್ಲ. ಯಾವುದೋ ಎರಡು ಸುಮಾರು 500 ಜಾಗದಲ್ಲಿ, ಅಥವಾ ಅದಕ್ಕಿಂತ ಕಡಿಮೆ ಜಾಗದಲ್ಲಿ, ಬೇರೆ ಇರುತ್ತವೆ. ಶತ್ರು ಅದರಲ್ಲಿ 250 ತಿರುಗಿಸಿದರೆ ಸಾಕು, ಸಂದೇಶ ಎರಡರ ನಟ್ಟನಡುವೆ ಬಂದು ನಿಲ್ಲುತ್ತೆ. ಇದು ಎಲ್ಲಿಂದ ಹೊರಟಿತ್ತು ಅಂತ ದೇವರಿಗೂ ಹೇಳೋಕಾಗಲ್ಲ. ಪ್ಲಾಟ್ಕಿನ್ ಮಿತಿ ಅಂತ ಇದನ್ನ ಕರೀತಾರೆ. ಕುರುಡು ನಾಯ್ಸ್ ಶೇಕಡಾ 25 ಕೆಡಿಸಿದರೆ 188 ಬಿಟ್ ದಾಟ್ತಿತ್ತು. ಕಣ್ಣಿರೋನು ಅಷ್ಟೇ ಕೆಡಿಸಿದರೆ, ದರದ ಲೆಕ್ಕದಲ್ಲಿ, ಸೊನ್ನೆ. ಕೆಟ್ಟ ಬಿಟ್‌ಗಳ ಸಂಖ್ಯೆ ಎರಡರಲ್ಲೂ ಒಂದೇ. ಕೆಡಿಸಿದವನಿಗೆ ಏನು ಗೊತ್ತಿತ್ತು ಅನ್ನೋದರಲ್ಲಿ ಮಾತ್ರ ವ್ಯತ್ಯಾಸ.

‘ಅಯ್ಯೋ, ಜಾಮರ್‌ಗೆ ಪೂರ್ತಿ ಸಂದೇಶ ಮೊದಲೇ ಹೇಗೆ ಗೊತ್ತಾಗುತ್ತೆ? ಬಿಟ್ ಹೋಗ್ತಾ ಹೋಗ್ತಾ ತಾನೇ ಕೇಳಿಸಿಕೊಳ್ಳೋದು?’ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಆವರೆಗೆ ಹೋದದ್ದು ಮಾತ್ರ ಗೊತ್ತಿರೋ ಜಾಮರ್ ಬಗ್ಗೆ ಐಐಟಿ ಬಾಂಬೆಯ ಬಿಕಾಶ್ ಡೇ, ಸಿದ್ಧಾರ್ಥ್ ಜಗ್ಗಿ, ಮೈಕೆಲ್ ಲ್ಯಾಂಗ್‌ಬರ್ಗ್, ಆನಂದ್ ಸರ್ವಟೆ ಸೇರಿ ಕೆಲಸ ಮಾಡಿದ್ದಾರೆ. ಅವರು ತೋರಿಸಿದ ದಾಳಿ ಮಜವಾಗಿದೆ. ಮೊದಲ ಭಾಗದಲ್ಲಿ ಜಾಮರ್ ಸುಮ್ಮನೆ ಗೊಣಗ್ತಾನೆ, ಅಲ್ಲೊಂದು ಇಲ್ಲೊಂದು ಬಿಟ್ ರ‍್ಯಾಂಡಮ್ ಆಗಿ ತಿರುಗಿಸ್ತಾನೆ. ಅಷ್ಟರಲ್ಲಿ ರಿಸೀವರ್‌ಗೆ ಹಲವು ಕೋಡ್‌ವರ್ಡ್‌ಗಳ ಮೇಲೆ ಅನುಮಾನ ಹುಟ್ಟಿರುತ್ತೆ. ಆಮೇಲೆ ಅದರಲ್ಲಿ ಒಂದು ಸುಳ್ಳು ಕೋಡ್‌ವರ್ಡ್ ಆರಿಸಿಕೊಂಡು, ಉಳಿದ ಬಜೆಟ್ಟನ್ನೆಲ್ಲ ಅದರ ಕಡೆಗೆ ತಳ್ಳೋದಕ್ಕೆ ಬಳಸ್ತಾನೆ. ಮೊದಲು ಗೊಣಗು, ಆಮೇಲೆ ತಳ್ಳು. ಭವಿಷ್ಯ ಗೊತ್ತಿಲ್ಲದ ಈ ಜಾಮರ್ ಎದುರೂ ಕಾಲು ಭಾಗ ಕೆಟ್ಟರೆ ಸೊನ್ನೆಯೇ. ಅದಕ್ಕಿಂತ ಕಡಿಮೆ ಇದ್ದಾಗ ನಿಖರವಾಗಿ ಎಷ್ಟು ದಾಟುತ್ತೆ ಅನ್ನೋದು 2015ರಲ್ಲಿ ಚೆನ್, ಜಗ್ಗಿ, ಲ್ಯಾಂಗ್‌ಬರ್ಗ್ ಅವರ ಪ್ರಬಂಧದಲ್ಲಿ ಇತ್ಯರ್ಥ ಆಯ್ತು.

ಹಾಗಾದರೆ ದಾರಿ ಏನು? ಶತ್ರುವಿನ ಕೈ ಕಟ್ಟೋಕಾಗಲ್ಲ, ಕಣ್ಣು ಕಟ್ಟಬಹುದು.

ಮೊದಲನೆಯದು, ಗುಟ್ಟಿನ ಕಲಸಾಟ. ಕಳಿಸೋನಿಗೂ ಕೇಳೋನಿಗೂ ಮಾತ್ರ ಗೊತ್ತಿರೋ ಒಂದು ಕೀ ಇದೆ ಅಂದುಕೊಳ್ಳಿ. ಆ ಕೀಯಿಂದ ಬಿಟ್‌ಗಳ ಜಾಗ ಕಲಸಿ, ಮೇಲೊಂದು ರ‍್ಯಾಂಡಮ್ ಮುಸುಕು ಹಾಕಿ ಕಳಿಸ್ತೀವಿ. ಜಾಮರ್ ಎಷ್ಟೇ ಲೆಕ್ಕ ಹಾಕಿ 100 ಬಿಟ್ ಆರಿಸಿ ಹೊಡೆದರೂ, ರಿಸೀವರ್ ಕಲಸಾಟ ಬಿಡಿಸಿದಾಗ ಆ ಏಟುಗಳು ಎಲ್ಲೆಲ್ಲೋ ಚದುರಿರುತ್ತವೆ. ಶತ್ರು ಮತ್ತೆ ಮಳೆಯಾದ. ಶಾನನ್ ಕೊಟ್ಟ 530 ಮತ್ತೆ ನಮ್ಮದು. ನಮ್ಮ ಪ್ಯಾಕೆಟ್‌ನಲ್ಲಿ ಕಲಸಾಟ ಮೊದಲೂ ಇತ್ತು, ಆದರೆ ಎಲ್ಲ ಲಾಕ್‌ಗೂ ಒಂದೇ ಕ್ರಮ, ಚಿಪ್‌ನ ಡೇಟಾಶೀಟ್‌ನಲ್ಲೇ ಅಚ್ಚಾಗಿರೋದು. ಮನೆ ಬೀಗದ ಕೈಯನ್ನ ಬಾಗಿಲ ಮೇಲೇ ತೂಗುಹಾಕಿದ ಹಾಗೆ.

ಎರಡನೆಯದು, ಜಾಗ ಬದಲಿಸೋದು. 1942ರಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೀಲ್ ಒಂದು ಪೇಟೆಂಟ್ ಪಡೆದರು. ಟಾರ್ಪೆಡೋಗೆ ಕೊಡೋ ರೇಡಿಯೋ ಆದೇಶವನ್ನ ಶತ್ರು ಕೆಡಿಸಬಾರದು, ಅದಕ್ಕೆ ಎರಡೂ ಕಡೆ ಒಂದೇ ಥರ ತೂತು ಕೊರೆದ ಕಾಗದದ ಸುರುಳಿ ಇಟ್ಟು, 88 ತರಂಗಾಂತರಗಳ ನಡುವೆ ಜೊತೆಜೊತೆಯಾಗಿ ಜಿಗಿಯೋದು. ಪಿಯಾನೋದಲ್ಲಿ ಎಷ್ಟು ಕೀ ಇವೆಯೋ ಅಷ್ಟು. ಸುರುಳಿ ಗೊತ್ತಿಲ್ಲದ ಜಾಮರ್ ಎಲ್ಲ ಕಡೆಗೂ ತನ್ನ ಶಕ್ತಿಯನ್ನ ಹಂಚಬೇಕು, ಹಂಚಿದರೆ ಎಲ್ಲ ಕಡೆಯೂ ತೆಳುವಾಗುತ್ತೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ನಿಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಯುಪಿಐ ಕ್ಯೂಆರ್ ಕೋಡ್ ಅಂಟಿಸಿರ್ತಾರೆ. ಮೂಲೆ ಹರಿದಿರುತ್ತೆ, ಎಣ್ಣೆ ಬಿದ್ದಿರುತ್ತೆ, ಆದರೂ ಸ್ಕ್ಯಾನ್ ಆಗುತ್ತೆ. ಅದರೊಳಗಿರೋದು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಕೊಟ್ಟ ಕೋಡ್. ಕ್ಯೂಆರ್‌ನ ಅತಿ ಗಟ್ಟಿ ಮಟ್ಟದಲ್ಲಿ ಸುಮಾರು ಶೇಕಡಾ 30ರಷ್ಟು ಹಾಳಾದರೂ ಓದಬಹುದು. ಆದರೆ ಯಾರಾದರೂ ಅದರ ಮೇಲೆ ತಮ್ಮ ಸ್ವಂತ ಕ್ಯೂಆರ್ ಸ್ಟಿಕರ್ ಅಂಟಿಸಿದರೆ? ಅದನ್ನೂ ಅಷ್ಟೇ ನಿಷ್ಠೆಯಿಂದ ಓದಿ, ದುಡ್ಡು ಕಳ್ಳನಿಗೆ ಕಳಿಸುತ್ತೆ. ಕೊಳೆಯನ್ನ ಗೆಲ್ಲೋ ಕೋಡ್ ಕಳ್ಳನನ್ನ ಗುರುತಿಸಲ್ಲ. ನಮ್ಮ ಸಿಆರ್‌ಸಿಯೂ ಹಾಗೇ. ಅದರಲ್ಲಿ ಗುಟ್ಟು ಇಲ್ಲ, ಯಾರು ಬೇಕಾದರೂ ಲೆಕ್ಕ ಹಾಕಿ ಸರಿಯಾದ ಸಿಆರ್‌ಸಿ ಇರೋ ಸುಳ್ಳು ಪ್ಯಾಕೆಟ್ ಮಾಡಬಹುದು.

ರೀಡ್-ಸಾಲೊಮನ್‌ನ ಉಪಾಯ ಹೈಸ್ಕೂಲ್ ಗಣಿತ. ಎರಡು ಬಿಂದು ಕೊಟ್ಟರೆ ಒಂದೇ ಒಂದು ಗೆರೆ. ಹಾಗೇ ನಾಲ್ಕು ಬಿಂದು ಕೊಟ್ಟರೆ ಮೂರನೇ ಘಾತದ ಒಂದೇ ಒಂದು ವಕ್ರರೇಖೆ. ಸಂದೇಶವನ್ನ 4 ತುಂಡು ಮಾಡಿ, ಆ ವಕ್ರರೇಖೆಯ ಮೇಲೆ 10 ಬಿಂದು ತೆಗೆದು, 10 ಬೇರೆ ಬೇರೆ ಚಾನೆಲ್‌ನಲ್ಲಿ ಕಳಿಸ್ತೀವಿ. 6 ಕಳೆದುಹೋದರೂ ಉಳಿದ ಯಾವುದೇ 4 ಸಾಕು. ಆದರೆ ಜಾಮರ್ ತುಂಡುಗಳನ್ನ ಕಳೆಯೋ ಬದಲು ಸುಳ್ಳು ಮಾಡಿದರೆ? ಯಾವುದು ಸುಳ್ಳು ಅಂತ ಗೊತ್ತಿಲ್ಲದಾಗ 3 ಸುಳ್ಳನ್ನ ಮಾತ್ರ ತಡೆದುಕೊಳ್ಳುತ್ತೆ. ಒಂದು ಸುಳ್ಳು ಎರಡು ಮೌನಕ್ಕೆ ಸಮ!

ಹಾಗಾಗಿ ಪ್ರತಿ ತುಂಡಿಗೂ ಕೀಯಿಂದ ಲೆಕ್ಕ ಹಾಕಿದ ಒಂದು ಸಣ್ಣ ಮುದ್ರೆ ಒತ್ತುತ್ತೀವಿ. ಮುದ್ರೆ ತಾಳೆಯಾಗದ ತುಂಡನ್ನ ಎಸೆದುಬಿಡ್ತೀವಿ. ಅಂದ್ರೆ ಸುಳ್ಳನ್ನ ಮೌನ ಮಾಡ್ತೀವಿ. 3 ಇದ್ದ ಸಹನೆ 6 ಆಗುತ್ತೆ. ಕೋಡ್ ಬದಲಾಗಿಲ್ಲ, ನಂಬಿಕೆಯ ಲೆಕ್ಕ ಬದಲಾಯ್ತು ಅಷ್ಟೇ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದವರು ನಮ್ಮವರೇ. 1950ರ ದಶಕದ ಕೊನೆಯಲ್ಲೇ ಎಲಿಯಾಸ್ ಮತ್ತು ವೋಜೆನ್‌ಕ್ರಾಫ್ಟ್ ಕೇಳಿದ್ದರು: ಡಿಕೋಡರ್ ಒಂದೇ ಉತ್ತರ ಯಾಕೆ ಕೊಡಬೇಕು, ಸಣ್ಣದೊಂದು ಪಟ್ಟಿ ಕೊಡಲಿ. 1990ರ ದಶಕದ ಕೊನೆಯಲ್ಲಿ ಐಐಟಿ ದೆಹಲಿಯಲ್ಲಿ ಓದಿದ ಮಧು ಸುಡಾನ್, ಆಮೇಲೆ ಅವರ ಜೊತೆ ಐಐಟಿ ಮದ್ರಾಸ್‌ನಲ್ಲಿ ಓದಿದ ವೆಂಕಟೇಶನ್ ಗುರುಸ್ವಾಮಿ, ರೀಡ್-ಸಾಲೊಮನ್‌ಗೆ ಆ ಪಟ್ಟಿಯನ್ನ ಬೇಗ ಹುಡುಕೋ ವಿಧಾನ ಕೊಟ್ಟರು. ಕಾಲು ಭಾಗ ಮಾಹಿತಿ, ಮುಕ್ಕಾಲು ಭಾಗ ಕಾವಲು ಇರೋ ಕೋಡ್‌ನಲ್ಲಿ ಹಳೇ ಮಿತಿ ಶೇಕಡಾ 37.5ರಷ್ಟು ತಪ್ಪು. ಅವರ ವಿಧಾನದಲ್ಲಿ ಶೇಕಡಾ 50ರ ಹತ್ತಿರಕ್ಕೆ ಹೋಗಬಹುದು. ಪಟ್ಟಿಯಲ್ಲಿ ನಿಜವಾದದ್ದು ಯಾವುದು? ಮುದ್ರೆ ತಾಳೆ ಆಗೋದು.

ನಾವು ಕೊನೆಗೆ ಮಾಡಿದ್ದು ಸರಳವಾದದ್ದು: 10 ತುಂಡು, 10 ಚಾನೆಲ್, ಕೀಯಿಂದ ಹುಟ್ಟೋ ಜಿಗಿತದ ಕ್ರಮ, ತುಂಡಿಗೊಂದು ಮುದ್ರೆ. ಬ್ಯಾಟರಿ ಹೆಚ್ಚು ಖರ್ಚಾಗುತ್ತೆ ಅಂತ ಮ್ಯಾನೇಜರ್ ತಕರಾರು ತೆಗೆದರು, ತಪ್ಪೇನಿಲ್ಲ. ಅದಕ್ಕೆ ಮಾಮೂಲಿ ಹೊತ್ತಲ್ಲಿ ಹಗುರ ಪ್ಯಾಕೆಟ್. ಮೂರು ಸಲ ಗೇಟ್‌ವೇಯಿಂದ ಉತ್ತರ ಬರದಿದ್ದರೆ ಭಾರದ ಕ್ರಮ. ಜೊತೆಗೆ, ಉತ್ತರ ಬರೋವರೆಗೆ ಎಚ್ಚರಿಕೆಯ ಸಂದೇಶವನ್ನ ಮರೆಯೋ ಹಾಗಿಲ್ಲ. ಮೊದಲು ಕಳಿಸಿ ಮರೆತುಬಿಡ್ತಿತ್ತು, ಅದೂ ನಮ್ಮದೇ ತಪ್ಪು.

ಇದರಿಂದ ಎಲ್ಲ ಬಗೆಹರೀತಾ? ಇಲ್ಲ. 10 ಚಾನೆಲ್‌ನಲ್ಲೂ ಒಟ್ಟಿಗೆ ಅಬ್ಬರಿಸೋ ಬಲವಾದ ಜಾಮರ್ ಬಂದರೆ ಯಾವ ಕೋಡೂ ಉಳಿಸಲ್ಲ. ಪದೇ ಪದೇ ಜಾಮ್ ಮಾಡಿ ನಮ್ಮ ಬ್ಯಾಟರಿಯನ್ನೇ ಖಾಲಿ ಮಾಡಿಸಬಹುದು. ಕೀ ಕದ್ದರೆ ಕಥೆ ಮುಗೀತು. ಕೋಡ್ ಮಾಡೋದು ಶತ್ರುವಿನ ಖರ್ಚು ಹೆಚ್ಚಿಸೋ ಕೆಲಸ. ಗೆದ್ದೇ ಗೆಲ್ತೀವಿ ಅಂತ ಯಾರಾದರೂ ಮಾರಾಟ ಮಾಡೋಕೆ ಬಂದರೆ, ‘ಯಾವ ಶತ್ರುವಿನ ಎದುರು?’ ಅಂತ ಕೇಳಿ.

ಇಷ್ಟೆಲ್ಲ ಬದಲಾವಣೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಮಾತ್ರ ಅತಿ ಚಿಕ್ಕದು. ಡ್ಯಾಶ್‌ಬೋರ್ಡ್‌ನಲ್ಲಿ ‘ಡಿವೈಸ್ ಆಫ್’ ಅನ್ನೋ ಪದ ತೆಗೆದೆ. ಈಗ ಅಲ್ಲಿ ಬರೋದು: ‘2:10ರಿಂದ ಸಂದೇಶ ತಲುಪಿಲ್ಲ. ಕಾರಣ ಗೊತ್ತಿಲ್ಲ.’ ಪಕ್ಕದಲ್ಲಿ ಆ ಹೊತ್ತಿನ ಸಿಗ್ನಲ್ ಬಲ, ಕೆಟ್ಟ ಪ್ಯಾಕೆಟ್‌ಗಳ ಎಣಿಕೆ. ಗ್ರಾಹಕರಿಗೆ ‘ಗೊತ್ತಿಲ್ಲ’ ಅಂತ ತೋರಿಸೋದಾ ಅಂತ ಮೀಟಿಂಗ್‌ನಲ್ಲಿ ನಕ್ಕರು. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ತೋರಿಸಿದಾಗ ಏನಾಯ್ತು ಅಂತ ಹೇಳಿದೆ. ನಗು ನಿಂತಿತು.

ಡ್ರೈವರ್ ಕಥೆ ಏನಾಯ್ತು ಅಂತ ಕೇಳ್ತೀರಿ. ಕ್ರಮಸಂಖ್ಯೆಯ ಪಟ್ಟಿ ಹಾಕಿ, ನನ್ನ ಹಿಂದಿನ ವರದಿ ತಪ್ಪು ಅಂತ ಮೊದಲ ಸಾಲಿನಲ್ಲೇ ಬರೆದು, ಹೊಸ ವರದಿ ಕೊಟ್ಟೆ. ಅವರ ಮೇಲಿನ ಅನುಮಾನ ಕೈಬಿಟ್ಟರು, ತಡೆದ ಸಂಬಳ ಬಂತು. ಆದರೆ ಅವರು ಆ ಕೆಲಸಕ್ಕೆ ವಾಪಸ್ ಹೋಗಲಿಲ್ಲ. ಊರ ಕಡೆ ಬೇರೆ ಗಾಡಿ ಓಡಿಸ್ತಿದ್ದಾರೆ. ನಾನು ಫೋನ್ ಮಾಡಿ ತಪ್ಪಾಯ್ತು ಅಂದೆ. ‘ಇರಲಿ ಬಿಡ್ರಿ ಸಾಹೇಬ್ರ, ಕೊನಿಗಿ ಡಬ್ಬಿ ಖರೇ ಹೇಳ್ತಲ್ಲ’ ಅಂದರು. ಡಬ್ಬಿ ಮೊದಲಿಂದಲೂ ಖರೇನೇ ಹೇಳ್ತಿತ್ತು, 80 ಸಲ. ಕೇಳಿಸಿಕೊಳ್ಳದೇ ಇದ್ದದ್ದು ನಾನು.

ನಮ್ಮಲ್ಲಿ ಬಹಳ ಜನ ಹೈದರಾಬಾದ್‌ನಲ್ಲೋ ಚೆನ್ನೈನಲ್ಲೋ ಕೂತು ಎಲ್ಲೋ ದೂರದ ಸಾಧನಗಳಿಂದ ಬರೋ ಡೇಟಾಗೆ ಅರ್ಥ ಹಚ್ಚೋ ಕೋಡ್ ಬರೀತೀವಿ. ಟೈಮ್‌ಔಟ್ ಆದರೆ ಏನು ಅಂತ ಒಂದು ಇಫ್ ಬರೀತೀವಿ, ಟಿಕೆಟ್ ಮುಚ್ಚಿ ಮನೆಗೆ ಹೋಗ್ತೀವಿ. ನಾಳೆ ಆಫೀಸಿಗೆ ಹೋದಾಗ ಅಂಥ ಒಂದು ಸಾಲು ತೆಗೆದು ನೋಡಿ. ಅದು ಮಳೆಯನ್ನ ಮನಸ್ಸಲ್ಲಿಟ್ಟುಕೊಂಡು ಬರೆದದ್ದಾ, ಕಳ್ಳನನ್ನಾ? ಮತ್ತೆ, ಅದು ತಪ್ಪಾದರೆ ಯಾರ ಸಂಬಳ ನಿಲ್ಲುತ್ತೆ?

ಇಷ್ಟು ಹೇಳಿ ಮುಗಿಸ್ತೀನಿ. ಪ್ರಶ್ನೆ ಇದ್ದರೆ ಕೇಳಿ, ಗೊತ್ತಿದ್ದರೆ ಹೇಳ್ತೀನಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳ್ತೀನಿ.